ಟಿಕೋಟದಾಕಿ, ನಿಡೋಣಿಯಾಕಿ

ಮೊನ್ನೆ ಸೊಸಿ ಗುರೆಳ್ಳು ಹುರದು, ಒಳ್ಳಾಗ ಹಾಕಿ ಚಟ್ನಿಹಿಂಡಿ ಕುಟ್ಟಾಕತ್ತಿದ್ಲು. ಬಳ್ಳೊಳ್ಳಿ ಬಿದ್ದಿದ್ದ ತಡ, ಆ ವಾಸನಿ ಪಡಸಾಲಿತನಕ ಬಂತು. ಗಿರಣಿಯ ಮಧ್ಯಾಹ್ನದ ಭೋಂಗಾ ಕೂಗಿದಂಗಾತು ನನಗ… ಕುಂತಲ್ಲೇ ಕುಂತೆ.

ಆಗಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಟಿಕೋಟದಿಂದ ವಿಜಾಪುರಕ್ಕ ಲಗ್ನಾಗಿ ಬಂದ ಹೊಸದು. ಹಂಗಾಮಿನಾಗ ಹತ್ತಿ ಆರಸಾಕ ಜಿನ್ನಿಂಗ್ ಗಿರಣಿಗೆ ಹೋಗತಿದ್ದೆ. ಮಳಿ ಹಿಡದ ಮ್ಯಾಲ ಗಿರಣಿ ಮುಚ್ಚತಿತ್ತು. ಅಕಿ ನನಗ ಸಿಕ್ಕದ್ದು ಅಲ್ಲೇ. ತವರು ನಿಡೋಣಿ, ಅದಕ್ಕ ಅಕಿ ನಿಡೋಣಿಯಾಕಿ. ನಾ ಟಿಕೋಟದಾಕಿ. ಸೊಸಿಯಾಗಿ ಬಂದಾಕಿನ್ನ ತವರೂರಿನ ಹೆಸರಿಲೆ ಕರಿಯೂದು ನಮ್ಮ ಕಡೆ ರೂಢಿ. ಗಿರಣಿ ಮುಕಾದಮನೂ ಹಂಗ ಕರದ ಪಗಾರ ಕೊಡತಿದ್ದ. ಬ್ಯಾರೆ ಹೆಸರು ಬೇಕಂತ ನಮಗೂ ಅನಸಲಿಲ್ಲ.

ಭೋಂಗಾ ಆತಂದ್ರ ಬೇವಿನ ಗಿಡದ ಬುಡಕ್ಕ ಓಡತಿದ್ವಿ. ತಲಿತುಂಬ ಹತ್ತಿ ಎಳಿ, ಝಾಡಿಸಿಕೊಳ್ಳಾಕೂ ಪುರಸೊತ್ತಿಲ್ಲ. ತಂದ ಬುತ್ತಿ ತಾವೇ ಉಂಡ್ರ ಏನ ಮಜಾ ಐತಿ? ಅಕಿ ಬುತ್ತಿ ನನಗ, ನಂದು ಅಕಿಗೆ. ಅಕಿ ಕಟಿರೊಟ್ಟಿ, ಗುರೆಳ್ಳ ಹಿಂಡಿ, ಮ್ಯಾಲ ಹಸಿ ಎಣ್ಣಿ… ನನ್ನ ಪುಂಡಿಪಲ್ಯಾಕ ಅಕಿ ಜೀವಾನ ಬಿಡತಿದ್ಲು. ಹಂಗಾಮಿನ ಮೊದಲನೇ ದಿನ ಅಂತೂ ಕೇಳಬ್ಯಾಡ್ರಿ! ಮಳಿಗಾಲದ ಸುದ್ದಿ ಎಲ್ಲಾ ಅವತ್ತೇ ಬಿಚ್ಚಬೇಕು. ಯಾರ ಎಮ್ಮಿ ಈತು, ಯಾರ ಲಗ್ನ ಮುರಿತು, ಯಾವ ಅತ್ತಿ ತುಪ್ಪದ ಗಡಗಿಗೆ ಕೀಲಿ ಹಾಕಿದ್ಲು. ನಕ್ಕ ನಕ್ಕ ರೊಟ್ಟಿ ನೆತ್ತಿಗೇರತಿತ್ತು. ಅಕಿ ಮನಿ ಗೋಳಗುಮ್ಮಟದ ಹಿಂದ, ನಮ್ಮದು ಊರಿನ ಇನ್ನೊಂದ ತುದಿಗೆ. ಒಂದ ಊರಾಗಿದ್ರೂ ಸೊಸೆಂದಿರು ಸುಮ್ಮನ ಗೆಳತಿ ಮನಿಗೆ ಹೋಗೂದು ಆಗಿನ ಕಾಲದಾಗ ಆಗೂ ಮಾತಲ್ಲ. ಆ ಗಿಡದ ನೆರಳಾಗಿನ ಊಟಾನ ನಮಗ ತವರಮನಿ.

ಗಂಡನ ಹೆಸರ ಹಂಗ ಹೇಳೂವಂಗಿರಲಿಲ್ಲ. ಶುಭಕಾರ್ಯದಾಗ ಒಡಪು ಕಟ್ಟಿ, ಅದರಾಗ ಸೇರಿಸಿ ಹೇಳಬೇಕು. ಒಂದ ಒಡಪು ಹಾಕು ಅಂತ ನಾ ದಿನಾ ಕಾಡತಿದ್ದೆ. ಅಕಿ ಸೆರಗ ಬಾಯಿಗಿಟ್ಟು ನಗತಿದ್ಲು. ಒಂದ ಹಂಗಾಮಿನ ಕಡೀ ದಿನ, ಚೊಚ್ಚಲ ಬಸರಿ ಅಕಿ, ಬಾಣಂತನಕ್ಕ ನಿಡೋಣಿಗೆ ಹೊಂಟಾಕಿ. ನನ್ನ ಬುತ್ತಿ ಉಂಡು ಕೈ ತೊಳಕೊಂತ ಅಂದ್ಲು:

"ಮುಂದಿನ ಹಂಗಾಮಿಗೆ ಕೂಸಿನ್ನ ಎತಗೊಂಡ ಬರ್ತೇನಿ. ಅದರ ಮೊದಲ ತುತ್ತು ನಿನ್ನ ಕೈಲೆ ಆಗಬೇಕ ನೋಡಬೇ. ಒಡಪೂ ಅವತ್ತ ಹೇಳತೇನಿ."

ಮುಂದಿನ ಹಂಗಾಮಿಗೆ ನಾ ಮೆತ್ತನ ರೊಟ್ಟಿ ಮಾಡಿ, ಕೂಸಿಗಂತ ಬೆಲ್ಲ ಕಟಗೊಂಡ ಹೋದೆ. ಅಕಿ ಬರಲಿಲ್ಲ. ನಾಳೆ ಬಂದಾಳು, ನಾಡದ ಬಂದಾಳು… ಮುಕಾದಮಗೂ ಗೊತ್ತಿಲ್ಲ. ಅತ್ತಿ ಕಣ್ಣ ತಪ್ಪಿಸಿ ಗುಮ್ಮಟದ ಹಿಂದ ಹೋದೆ. ಆ ಮನ್ಯಾಗ ಬ್ಯಾರೆ ಮಂದಿ ಇದ್ರು. ಮೊದಲಿನವರು ಖಾಲಿ ಮಾಡಿ ಎಲ್ಲಿಗೋ ಹೋಗ್ಯಾರ ಅಂದ್ರು.

ಬಬಲೇಶ್ವರದಾಗ ನಮ್ಮ ಬೀಗರ ಲಗ್ನ ಬಂತು. ನಮ್ಮನಿಯವರ ಬೆನ್ನ ಹತ್ತಿ, ಹೊಳ್ಳಿ ಬರೂಮುಂದ ಬಂಡಿ ನಿಡೋಣಿಗೆ ಹೊಡಸಿದೆ. ಬಾವಿ ಹಂತೇಕ ಒಬ್ಬ ಆಯಿ ಕೊಡ ತುಂಬಾಕತ್ತಿದ್ಲು. ವಿಜಾಪುರದ ಗಿರಣಿಗೆ ಬರತಿದ್ದ ನಿಡೋಣಿಯಾಕಿ ಮನಿ ಯಾವುದು ಅಂತ ಕೇಳಿದೆ. ಆಯಿ ನಕ್ಕಳು.

"ಇಲ್ಲೆ ಎಲ್ಲಾರೂ ನಿಡೋಣಿಯವರ, ತಂಗಿ. ಅಕಿ ಹೆಸರೇನು?"

ಅಕಿ ಗದ್ದದ ಮಚ್ಚಿ ಹೇಳಿದೆ, ಕೈಮ್ಯಾಗಿನ ಹಚ್ಚಿ ಹೇಳಿದೆ, ನಗೂ ರೀತಿ ಹೇಳಿದೆ. ಹೆಸರು ಮಾತ್ರ ನನಗ ಗೊತ್ತಿರಲಿಲ್ಲ. ಗಂಡನ ಹೆಸರರ ಹೇಳು ಅಂದ್ಲು. ಆ ಒಡಪು ಅಕಿ ಹೇಳೇ ಇರಲಿಲ್ಲ… ಊರಾಗಿನ ಎಷ್ಟ ಹೆಣ್ಣಮಕ್ಕಳನ್ನ ವಿಜಾಪುರಕ್ಕ ಕೊಟ್ಟಾರ, ಯಾರಂತ ಹೇಳೂದು ಅಂತ ಆಯಿ ಕೊಡ ಹೊತ್ತು ನಡದ್ಲು. ನಮ್ಮನಿಯವರು ಹೊತ್ತಾತು ಅಂದ್ರು. ಬಂಡಿ ಹತ್ತಿದೆ. ದಾರಿತುಂಬ ಅತ್ತೆ.

ಸೊಸಿ ತಾಟ ತಂದಿಟ್ಟು, ಉಣ್ರಿ ಅತ್ತಿ ಅಂದ್ಲು. ಹಿಂಡಿ ಛಲೋ ಆಗಿತ್ತು. ನಿಡೋಣಿಯಾಕಿ ಬಾಣಂತನದಾಗ ಉಳಿದ್ಲೋ ಇಲ್ಲೋ, ಇವತ್ತಿಗೂ ನನಗ ಗೊತ್ತಿಲ್ಲ. ಉಳದಿದ್ರ ನನ್ನ ಹುಡಕದ ಬಿಟ್ಟಿರಾಕಿಲ್ಲ. ಟಿಕೋಟಕ್ಕ ಹೋಗಿ, ಯಾವುದರ ಬಾವಿ ಹಂತೇಕ ನಿಂತು, ಟಿಕೋಟದಾಕಿ ಮನಿ ಎಲ್ಲೈತ್ರಿ ಅಂತ ಕೇಳಿರತಾಳ. ತವರಾಗ ನನ್ನ ಯಾರೂ ಹಂಗ ಕರದವರಲ್ಲ. ನಕ್ಕಿರತಾರ. ಕೂಸಿನ್ನ ಬಗಲಾಗ ಇಟಗೊಂಡು ಅಕಿನೂ ಹೊಳ್ಳಿ ಹೋಗಿರತಾಳ…