ಏಳು ಚೌಕಗಳ ಪಂಡಿತೆ

ಆಫೀಸಿನಲ್ಲಿ ಅವಳಿಗೆ ‘ಜೋಡಿಕಿವಿ’ ಎಂದೇ ಹೆಸರು. ದೇವರು ಎಲ್ಲರಿಗೂ ಎರಡು ಕಿವಿ ಕೊಟ್ಟಿದ್ದಾನೆ, ನಿಜ. ಇವಳದು ಮಾತ್ರ ಒಂದು ಫ್ರೆಂಚಿಗೆ, ಇನ್ನೊಂದು ಇಂಗ್ಲಿಷಿಗೆ. ಹಳೆಯ ಮರದ ಸಾಮಾನು ರಿಪೇರಿ ಮಾಡುವ ಕಂಪನಿ ಅದು. ಫೋನು ಮಾಡುವವರಲ್ಲಿ ಅರ್ಧ ಮಂದಿ ಫ್ರೆಂಚಿನಲ್ಲೇ ಗೋಳು ತೋಡಿಕೊಳ್ಳುತ್ತಿದ್ದರು. ಒಳಗೆ ಉಳಿ ಹಿಡಿದು ಕೂತ ಬಡಗಿಗಳಿಗೆ ಬರುತ್ತಿದ್ದುದು ಇಂಗ್ಲಿಷೊಂದೇ. ಎರಡು ದಡಗಳ ನಡುವೆ, ಹೆಡ್‌ಫೋನೆಂಬ ಕಿರೀಟ ತೊಟ್ಟು, ಇವಳು ಸೇತುವೆಯಂತೆ ಮಲಗಿದ್ದಳು.

ಈ ಸಾಮ್ರಾಜ್ಯ ಸುಮ್ಮನೆ ಬಂದದ್ದಲ್ಲ. ನಲವತ್ತು ದಾಟಿದ ಮೇಲೆ ಫ್ರೆಂಚ್ ಕ್ಲಾಸಿಗೆ ಸೇರಿ, ಕೇಳಿ ಬರೆಯುವ ಪರೀಕ್ಷೆಯಲ್ಲಿ ಎರಡು ಸಲ ಮಣ್ಣುಮುಕ್ಕಿದ್ದಳು. ಮೂರನೆಯ ಸಲ ಮೇಷ್ಟ್ರು ಗುಟ್ಟೊಂದನ್ನು ಉಸುರಿದರು: “ಮೊದಲು ಪ್ರಶ್ನೆ ಓದ್ಕೊಳಮ್ಮ. ಉತ್ತರ ಕಿವಿಗೆ ಬಿತ್ತೋ, ಬರ್ಕೋ. ಉಳಿದಿದ್ದೆಲ್ಲ ಗಾಳಿಗೆ ಬಿಡು.” ನೂರಕ್ಕೆ ತೊಂಬತ್ತೆಂಟು ಬಂತು. ಕಂಪನಿಯ ಫಾರಮ್ಮಿನಲ್ಲಿ ಏಳು ಚೌಕಗಳು: ಹೆಸರು, ವಿಳಾಸ, ಫೋನು, ಸಾಮಾನು, ಮರ, ಕೆಲಸ, ದಿನಾಂಕ. ಉಳಿದವರು ಹತ್ತು ನಿಮಿಷ ಒದ್ದಾಡುವ ಕಡೆ ಇವಳು ಎರಡೇ ನಿಮಿಷದಲ್ಲಿ ಏಳೂ ಕೋಟೆ ಗೆದ್ದು ಮುಂದಿನ ಫೋನಿಗೆ ದಂಡೆತ್ತಿ ಹೋಗುತ್ತಿದ್ದಳು.

ವಿದ್ಯೆ ಮನೆಗೂ ಹಬ್ಬಿತ್ತು. “ನಾನು ಇಷ್ಟೊತ್ತು ಹೇಳಿದ್ದೇನೇ?” ಎಂದು ಗಂಡ ಕೇಳಿದರೆ, “ಬಲ್ಬು, ಸೋಪು, ಗುರುವಾರ ನಿಮ್ಮಕ್ಕ ಬರ್ತಾರೆ” ಎನ್ನುತ್ತಿದ್ದಳು.

“ಅಕ್ಕ ಯಾಕೆ ಬರ್ತಾಳೆ ಅಂತ?”

“ಅದನ್ನೂ ಹೇಳಿದ್ರಾ?”

ಮ್ಯಾನೇಜರು ಅವಳನ್ನು ಹೊಸಬರಿಗೆ ಗುರುವಾಗಿ ನೇಮಿಸಿದ ವಾರವೇ ಆ ಕಾಗದ ಬಂತು. ನಾಲ್ಕು ಪುಟ, ನಡುಗುವ ಅಕ್ಷರ, ಫ್ರೆಂಚು. ಮ್ಯಾನೇಜರಿಗೆ ಆ ಭಾಷೆಯಲ್ಲಿ ನಮಸ್ಕಾರವೂ ಬಾರದು. ಎಂದಿನಂತೆ ಕಾಗದವನ್ನು ಅವಳ ಮೇಜಿಗೇ ತಂದಿಟ್ಟರು. “ಏನಂತೆ? ಎರಡು ಸಾಲಲ್ಲಿ ಹೇಳಿ.”

ಅವಳು ಕಣ್ಣಾಡಿಸಿ ಪುಟಗಳನ್ನು ಮಗುಚಿಟ್ಟಳು. “ಬೀರುವಿನ ಬಾಗಿಲು ಕಿರುಗುಡ್ತದಂತೆ ಸಾರ್,” ಎಂದಳು.

“ಎಣ್ಣೆ ಹಾಕಿಸಿ,” ಎಂದು ಅವರು ಹೋದರು.

ಕಿರುಗುಟ್ಟಿದ್ದು ಬಾಗಿಲಲ್ಲ. ಬರೆದವರು ಒಬ್ಬ ಅಜ್ಜಿ. ತಿಂಗಳ ಹಿಂದೆ ಬೀರು ರಿಪೇರಿಗೆ ಕೊಡುವಾಗ ಫೋನಿನಲ್ಲಿ ಹೇಳಿದ್ದರಂತೆ: ಬಾಗಿಲಿನ ಒಳಮೈಯನ್ನು ಉಜ್ಜಬೇಡಿ, ಅಲ್ಲಿ ನನ್ನ ಮೂರು ಮಕ್ಕಳ ಎತ್ತರದ ಪೆನ್ಸಿಲ್ ಗೆರೆಗಳಿವೆ, ನಡುವಿನವನ ಗೆರೆ ಒಂಬತ್ತನೇ ವರ್ಷಕ್ಕೆ ನಿಂತುಹೋಗಿದೆ, ಅವನೂ ಅಷ್ಟಕ್ಕೇ ಹೋದ. ಬೀರು ಕನ್ನಡಿಯಂತೆ ಹೊಳೆಯುತ್ತ ವಾಪಸಾಯಿತು. ಒಳಗೂ ಹೊಳೆಯುತ್ತಿತ್ತು.

ಅವಳು ಆ ಕರೆಯ ರೆಕಾರ್ಡಿಂಗ್ ತೆಗೆದು ಕೇಳಿದಳು. ಅಜ್ಜಿ ಎಲ್ಲವನ್ನೂ ಹೇಳಿದ್ದರು, ನಿಧಾನವಾಗಿ, ಮಗುವಿಗೂ ತಿಳಿಯುವ ಫ್ರೆಂಚಿನಲ್ಲಿ. ನಡುನಡುವೆ ಇನ್ನೊಂದು ದನಿ, ಜೇನಿನಂಥದ್ದು: “ಹೌದು ಮೇಡಂ, ಖಂಡಿತ ಮೇಡಂ, ಯಾವ ಮರ ಅಂದ್ರಿ?” ಆ ದನಿ ಅವಳದೇ.

ಅರ್ಥವಾಗಲಿಲ್ಲ ಎನ್ನುವ ಹಾಗಾದರೂ ಇದ್ದಿದ್ದರೆ! ಪರಭಾಷೆ, ಉಚ್ಚಾರಣೆ, ಕೆಟ್ಟ ಲೈನು ಎಂದು ನೆಪಗಳ ಸೈನ್ಯವನ್ನೇ ನಿಲ್ಲಿಸಬಹುದಿತ್ತು. ಈಗ ಒಂದೊಂದು ಪದವೂ ಅರ್ಥವಾಗುತ್ತಿತ್ತು. ಅಂದೂ ಆಗಿತ್ತು. ಚೌಕವಿರಲಿಲ್ಲ, ಅಷ್ಟೇ.

ಕಾಗದವನ್ನು ಡ್ರಾಯರಿಗೆ ತಳ್ಳಿದಳು. ಇಡೀ ಕಟ್ಟಡದಲ್ಲಿ ಅದನ್ನು ಓದಬಲ್ಲವಳು ತಾನೊಬ್ಬಳೇ. ಕಳ್ಳಿಯೂ ತಾನೇ, ಪೊಲೀಸೂ ತಾನೇ. ಎರಡು ದಿನ ಆ ಡ್ರಾಯರನ್ನು ತೆರೆಯಲಿಲ್ಲ. ಪಕ್ಕದ ಮೇಜಿನವಳು, “ಗುರುಗಳೇ, ಸೋಮವಾರದ ಪಾಠ ಏನು?” ಎಂದು ಕಿಚಾಯಿಸಿದರೆ, ಚಹಾ ಲೋಟದಲ್ಲಿ ಮುಖ ಅಡಗಿಸಿದಳು.

ಶುಕ್ರವಾರ ಬೆಳಗ್ಗೆ ಆಫೀಸಿನ ಖಾಲಿ ಕೋಣೆಯೊಂದರಲ್ಲಿ ಬಾಗಿಲು ಹಾಕಿಕೊಂಡು ಕೂತಳು. ನಾಲ್ಕು ಪುಟಗಳನ್ನೂ ಒಂದಕ್ಷರ ಬಿಡದೆ ಇಂಗ್ಲಿಷಿಗೆ ಇಳಿಸಿದಳು. ‘ಆ ಹೆಂಗಸಿನ ದನಿ ಬಹಳ ಸಿಹಿಯಾಗಿತ್ತು, ಅದಕ್ಕೇ ನಂಬಿದೆ’ ಎಂಬ ಸಾಲಿಗೆ ಮೂರು ಕಾಗದ ಹರಿದಳು. ಪ್ರತಿ ಸಲವೂ ‘ಸಿಹಿ’ ಎಂಬುದು ತಂತಾನೇ ‘ಸೌಜನ್ಯ’ವಾಗಿ ಜಾರಿಕೊಳ್ಳುತ್ತಿತ್ತು. ಕೊನೆಗೆ ಸಿಹಿ ಎಂದೇ ಬರೆದಳು. ಆ ಹೆಂಗಸು ನಾನೇ ಎಂದು ಅಡಿಯಲ್ಲಿ ಸೇರಿಸಿದಳು.

ಮ್ಯಾನೇಜರು ಮೇಲಿನ ಎರಡು ಸಾಲು ಓದಿ ಪೆನ್ನು ತೆಗೆದರು. “ಬೀರು ವಿಷ್ಯ ತಾನೆ? ಎಲ್ಲಿ ಸಹಿ?”

“ಪೂರ್ತಿ ಓದಿ ಸಾರ್.”

“ಅಯ್ಯೋ, ನೀವೇ ಸಾರಾಂಶ ಹೇಳಿ ತಾಯಿ. ಅದಕ್ಕೇ ಅಲ್ವಾ ನಿಮ್ಮನ್ನ ಇಟ್ಕೊಂಡಿರೋದು?”

“ಇದಕ್ಕೆ ಸಾರಾಂಶ ಇಲ್ಲ ಸಾರ್. ನೀವು ಓದೋವರೆಗೂ ನಾನು ಹೋಗಲ್ಲ.”

ಅವರು ನಿಟ್ಟುಸಿರಿಟ್ಟು ಕನ್ನಡಕ ಏರಿಸಿದರು. ಎರಡನೆಯ ಪುಟದಲ್ಲಿ ಪೆನ್ನು ಕೆಳಗಿಟ್ಟರು. ಮೂರನೆಯದಕ್ಕೆ ಬಂದಾಗ ತಲೆಯೆತ್ತದೆ, “ಕೂತ್ಕೊಳ್ಳಿ,” ಎಂದರು.

ಅವಳು ಕೂರಲಿಲ್ಲ. ಇನ್ನೂ ಒಂದು ಪುಟ ಬಾಕಿಯಿತ್ತು.