ಕೋವಿಯ ಮಾತಿಗೆ ನಗದ ಮುಖ್ಯೋಪಾಧ್ಯಾಯಿನಿ

ಶಾಲೆಯ ಸುರಕ್ಷತೆ ಎಂದರೆ ಸುತ್ತಲೊಂದು ಗೋಡೆ, ಬಾವಿಗೊಂದು ಮುಚ್ಚಳ ಎಂದುಕೊಂಡು ಇಲಾಖೆಯೂ ನಾವೂ ನೆಮ್ಮದಿಯಾಗಿದ್ದ ಕಾಲದಲ್ಲಿ, ಮಗು ಮನೆಯ ಹೊಸ್ತಿಲು ದಾಟಿದಾಗಿನಿಂದ ಮರಳಿ ಮನೆ ಸೇರುವವರೆಗಿನದೆಲ್ಲ ಶಾಲೆಯ ಹೊಣೆಯೆಂದು ಶಿಕಾರಿಪುರ, ಸೊರಬ ತಾಲ್ಲೂಕುಗಳ ಶಿಕ್ಷಕ ಬಳಗಕ್ಕೆ ನಡೆದು ತೋರಿಸಿದವರು ಮಾನ್ಯ ಶ್ರೀಮತಿ ನೀಲಾಂಬಿಕ ಅವರು. ಈ 1999ರ ಜೂನ್ ಕೊನೆಗೆ ಅವರು ನಿವೃತ್ತರಾಗುತ್ತಿರುವಾಗ ನಾಲ್ಕು ಮಾತು ಬರೆಯುವ ಅವಕಾಶ ಸಹೋದ್ಯೋಗಿಯಾದ ನನಗೆ ದೊರೆತದ್ದು ನನ್ನ ಭಾಗ್ಯ.

ಶಿಕಾರಿಪುರದ ಕಡೆ ಪ್ರಾಥಮಿಕ ಶಾಲೆಯಲ್ಲಿ ಸೇವೆ ಆರಂಭಿಸಿದ ಮೇಡಂ, 1993ರಲ್ಲಿ ಚಂದ್ರಗುತ್ತಿ ಸಮೀಪದ ನಮ್ಮ ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದರು. ಹೊಸದಾಗಿ ಸೇರಿದ್ದ ನಾನು ಜ್ವರ ಹಿಡಿದು ಮಲಗಿದಾಗ ನನ್ನ ತರಗತಿಗಳನ್ನೂ ತಾವೇ ತೆಗೆದುಕೊಂಡು, ಸಂಜೆ ಗಂಜಿಯ ಡಬ್ಬಿ ತಂದು, ನಾನು ಕುಡಿದು ಮುಗಿಸುವವರೆಗೂ ಎದುರಿಗೇ ಕೂತಿರುತ್ತಿದ್ದರು. ಕಾಡಂಚಿನಲ್ಲಿ ಮಂಗ ಸತ್ತ ಸುದ್ದಿ ಬಂದರೆ ಸಾಕು, ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆಯ ಭಯಕ್ಕೆ, ಮಕ್ಕಳು ಕಾಡಿನ ಕಾಲುದಾರಿ ಬಿಟ್ಟು ಟಾರು ರಸ್ತೆಯಲ್ಲೇ ಬರಬೇಕೆಂದು ಕಟ್ಟಪ್ಪಣೆ ಮಾಡುತ್ತಿದ್ದರು. ಸುತ್ತುದಾರಿಯಿಂದ ತಡವಾದವರಿಗೂ ಹಾಜರಿ ಸಿಗುತ್ತಿತ್ತು.

1998ರ ಫೆಬ್ರವರಿ, ಲೋಕಸಭಾ ಚುನಾವಣೆಯ ಸಮಯ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು (ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡ) ಅಪ್ಪನ ಕೋವಿ ತಂದು ಯಾವನನ್ನೋ ಸುಟ್ಟುಬಿಡುತ್ತೇನೆ ಎಂದು ಗೆಳತಿಯ ಬಳಿ ಅಂದದ್ದು ನಮ್ಮ ಕಿವಿಗೆ ಬಿತ್ತು. ನಾವೆಲ್ಲ ನಕ್ಕೆವು. ಆ ಕಡ್ಡಿಗೆ ಕೋವಿ ಎತ್ತುವ ಬಲವೆಲ್ಲಿದೆ ಎಂದು ಡ್ರಿಲ್ ಮೇಷ್ಟ್ರು ಸಣ್ಣಬೀರಪ್ಪನವರು ಇನ್ನಷ್ಟು ನಗಿಸಿದರು. ಅಲ್ಲದೆ ಬೆಳೆ ಕಾಯಲು ಲೈಸೆನ್ಸ್ ಪಡೆದ ಕೋವಿಗಳನ್ನೆಲ್ಲ ಚುನಾವಣೆಯೆಂದು ಠಾಣೆಯಲ್ಲಿ ಇರಿಸಿಕೊಂಡಿದ್ದರು. ಮೇಡಂ ಒಬ್ಬರು ನಗಲಿಲ್ಲ.

"ವೋಟು ಮುಗಿದ ಮೇಲೆ ಕೋವಿ ಮನೆಗೆ ಬರ್ತದಲ್ರೀ. ಅಷ್ಟರೊಳಗೆ ಅವನು ಯಾರು ಅಂತ ಕೇಳ್ಬೇಕಲ್ಲ" ಎಂದರು.

ಕೂರಿಸಿಕೊಂಡು ಕೇಳಿದಾಗ ಹುಡುಗಿ ಅತ್ತಳು. ಟೆಂಪೊ ಓಡಿಸುವವನೊಬ್ಬ ರಸ್ತೆಯಲ್ಲಿ ದಿನವೂ ಅಡ್ಡ ನಿಲ್ಲುತ್ತಿದ್ದ, ಒಮ್ಮೆ ಕೈ ಹಿಡಿದು ಎಳೆದಿದ್ದ. ಮನೆಯಲ್ಲಿ ಹೇಳಿದರೆ ಶಾಲೆ ಬಿಡಿಸುತ್ತಾರೆ, ಪರೀಕ್ಷೆ ತಪ್ಪುತ್ತದೆ ಎಂದು ಬಾಯಿ ಮುಚ್ಚಿಕೊಂಡಿದ್ದಳು. ಕಾಲುದಾರಿಯಲ್ಲಿ ಸೌದೆಯ ಹೆಂಗಸರ ಜೊತೆಯಿತ್ತು, ರಸ್ತೆಯಲ್ಲಿ ಅವಳು ಒಂಟಿ. ರೋಗದಿಂದ ಕಾಯಲು ಹೊರಡಿಸಿದ ಅಪ್ಪಣೆಯೇ ಅವಳನ್ನು ಅವನೆದುರು ನಿಲ್ಲಿಸಿತ್ತು. ಅಂದು ಮೇಡಂ ಅವರ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಬೆದರಿಸಿದ ಮಗುವಿಗೆ ಟಿ.ಸಿ. ಕೊಟ್ಟು ಕೈ ತೊಳೆದುಕೊಳ್ಳುವುದು ಆಗಿನ ರೂಢಿ. ಮೇಡಂ ಅಂದೇ ಸಂಜೆ ನನ್ನನ್ನೂ ಕರೆದುಕೊಂಡು ಹುಡುಗಿಯ ಮನೆಗೆ ನಡೆದರು. ಎಲ್ಲ ಕೇಳಿದ ತಂದೆ ಕೆಂಡವಾಗಿ, ನಾಳೆಯಿಂದ ಶಾಲೆಯೇ ಬೇಡ ಎಂದರು.

"ಆ ರಸ್ತೇಲಿ ಬಾ ಅಂದಿದ್ದು ನಾನು, ಅಡ್ಡ ನಿಂತಿದ್ದು ಅವನು. ಶಿಕ್ಷೆ ಇವಳಿಗ್ಯಾಕ್ರೀ?" ಎಂದರು ಮೇಡಂ.

ಶಾಲೆ ಬಿಡಿಸುವ ಮಾತನ್ನು ತಂದೆ ಅಲ್ಲಿಗೇ ಕೈಬಿಟ್ಟರು. ಹುಡುಗಿಯ ಹೆಸರು ಬೀದಿಗೆ ಬೀಳದಂತೆ ಮೇಡಂ ಶಾಲೆಯ ಪರವಾಗಿ ತಾವೇ ದೂರು ಕೊಟ್ಟರು. ಪೊಲೀಸರು ಕರೆಸಿ ಎಚ್ಚರಿಸಿದ ಮೇಲೆ ಟೆಂಪೊದ ಮಾಲೀಕ ಅವನನ್ನು ಕೆಲಸದಿಂದ ಬಿಡಿಸಿದ. ನಾವು ಸರದಿಯಂತೆ ಅವಳ ಜೊತೆ ನಡೆದೆವು. ಪರೀಕ್ಷೆ ಮುಗಿಯುವವರೆಗೆ ಕೋವಿ ಠಾಣೆಯಲ್ಲೇ ಇರಲಿ ಎಂದು ಮೇಡಂ ಕೇಳಿದಾಗ, ಕಬ್ಬಿಗೆ ಹಂದಿ ಬೀಳುತ್ತವೆ ಎಂದು ಗೊಣಗಿದರೂ ತಂದೆ ಒಪ್ಪಿದರು. ವೋಟು ಮುಗಿದ ಮೇಲೆ ಊರವರೆಲ್ಲ ಕೋವಿ ಮನೆಗೆ ತಂದರು, ಅವರು ತರಲಿಲ್ಲ. ಗದ್ದೆಯ ಒಂದು ಮೂಲೆ ಹಂದಿಗಳ ಪಾಲಾಯಿತು, ಮಗಳು ಎರಡನೆಯ ದರ್ಜೆಯಲ್ಲಿ ಪಾಸಾದಳು.

ಅದೇ ವರ್ಷ ಶಾಲಾ ಸುರಕ್ಷತೆಯ ಕಾಯಿದೆಗೊಂದು ಕರಡು ಬಂದು, ಅಭಿಪ್ರಾಯ ಕೇಳಲು ಶಿಕಾರಿಪುರದಲ್ಲಿ ಸಭೆ ಸೇರಿತು. ಕರಡಿನ ತುಂಬ ಗೋಡೆ, ಗೇಟು, ಬೆದರಿಸಿದವರಿಗೆ ತಕ್ಷಣ ಟಿ.ಸಿ. ಮೇಡಂ ಎದ್ದು, ಮೊದಲು ಆ ಮಗುವನ್ನು ಕೂರಿಸಿ ಕೇಳಬೇಕು, ಅದು ಬರುವ ದಾರಿಯನ್ನು ಒಬ್ಬರು ನಡೆದು ನೋಡಬೇಕು ಎಂದು ಸೇರಿಸಲು ಹೇಳಿದರು, ತಮ್ಮಿಂದಾದ ತಪ್ಪನ್ನೂ ಮುಚ್ಚಿಡಲಿಲ್ಲ. ಕರಡು ಇನ್ನೂ ಬೆಂಗಳೂರಿನಲ್ಲಿ ನಿದ್ದೆ ಹೊಡೆಯುತ್ತಿದೆ. ನಮ್ಮ ಶಾಲೆಯಲ್ಲಂತೂ ಆ ಎರಡು ಮಾತು ಆಗಲೇ ಜಾರಿಗೆ ಬಂದಿವೆ.

ಮೊನ್ನೆ ಅದೇ ತಂದೆ ಕಿರಿಯ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಿದ್ದರು. ಮೇಡಂ ನಿವೃತ್ತರಾಗುತ್ತಾರೆಂದು ತಿಳಿದು, ಅರ್ಜಿಗೆ ಸಹಿ ಹಾಕುವ ಮೊದಲು ತಲೆಯೆತ್ತಿ ನನ್ನನ್ನು ನೋಡಿದರು.

"ಅವರು ಹೋದ್ಮೇಲೆ ಮಕ್ಳ ಮಾತು ಕೇಳೋರು ಇದಾರೇನ್ರೀ ಮೇಷ್ಟ್ರೇ?"

ಇದ್ದೇವೆ ಎಂದೆ. ಪಕ್ಕದಲ್ಲಿದ್ದ ಸಣ್ಣಬೀರಪ್ಪನವರೂ ಇದ್ದೇವೆ ಎಂದರು. ತಂದೆ ಸಹಿ ಹಾಕಿದರು.

ಮೇಡಂ, ನೀವು ನೂರು ಕಾಲ ಆರೋಗ್ಯದಿಂದ ಬಾಳಬೇಕು, ಆ ಕರಡನ್ನು ಎಬ್ಬಿಸುವ ಕೆಲಸ ಬಿಡಬಾರದು. ನಾವು ಕೊಟ್ಟ ಮಾತು ಉಳಿಸಿಕೊಂಡಿದ್ದೇವೆಯೇ ಎಂದು ನೋಡಲು ಆಗಾಗ ಹೇಳದೆ ಕೇಳದೆ ಬಂದುಬಿಡಿ.