ಮಜ್ಜಿಗೆ ಹೇಗಿದೆ ಎಂದು ಕೇಳಿದವನು

ಮೊಮ್ಮಗಳಿಗೆ ದೊಡ್ಡ ವಿಶ್ವವಿದ್ಯಾಲಯದಲ್ಲಿ ವ್ಯಾಪಾರ ಆಡಳಿತ ಓದಲು ಸೀಟು ಸಿಕ್ಕಿದೆ. ನಾಲ್ಕನೇ ಕ್ಲಾಸು ದಾಟದ ನನಗೆ ಖುಷಿ ತಡೆಯಲಾಗುತ್ತಿಲ್ಲ. ಸುದ್ದಿ ಕೇಳಿದ ಕೂಡಲೇ ನೆನಪಾದವನು ಎಂಬತ್ತರ ದಶಕದ ರಿಯಾದಿನ ಒಬ್ಬ ಸೌದಿ ವಿದ್ಯಾರ್ಥಿ. ಅವನ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ನಾನು ಚಹಾ ಮಾಡುತ್ತಿದ್ದೆ. ತಲೆವಸ್ತ್ರದ ತುದಿಯನ್ನು ಹೆಗಲ ಹಿಂದಕ್ಕೆ ಎಸೆದು, ಅರೆಬರೆ ಹಿಂದಿಯಲ್ಲಿ ಸಿಕ್ಕವರಿಗೆಲ್ಲ "ಸಚ್ ಬೋಲೋ", ನಿಜ ಹೇಳು, ಎನ್ನುತ್ತಿದ್ದ.

ಮಾರ್ಕೆಟಿಂಗ್ ಪಾಠಕ್ಕಾಗಿ ಅವನು ಅಲ್ ಖರ್ಜ್ ಊರಿನ ಡೈರಿಯ ಹೊಸ ಮಜ್ಜಿಗೆಯ ಬಗ್ಗೆ ಜನರ ಅಭಿಪ್ರಾಯ ಬರೆಸಿ ತರಬೇಕಿತ್ತು. ಮಲಾಜ್ ಬಡಾವಣೆಯ ನಮ್ಮ ರೂಮಿಗೆ ಮಜ್ಜಿಗೆಯನ್ನೂ ಫಾರಮುಗಳನ್ನೂ ತಂದುಕೊಟ್ಟು ಹೋದ. ಸೌದಿಯವರು ಕಾಗದ ಕೊಟ್ಟರೆ ಅಲ್ಲಿರುವ ಪರವಾನಗಿ, ಇಕಾಮಾ, ಎಲ್ಲಿ ಹೋಗುತ್ತದೋ ಎಂದು ನಮಗೆ ಹೆದರಿಕೆ.

"ಒಳ್ಳೇದುಂಟು ಅಂತಲೇ ಬರಿ ಮಾರಾಯ, ಮಜ್ಜಿಗೆಗೋಸ್ಕರ ಊರಿಗೆ ಹೋಗ್ಲಿಕ್ಕೆ ಉಂಟಾ?" ಎಂದ ಉಡುಪಿಯ ಗೆಳೆಯ. ರೂಮಿನ ಹನ್ನೆರಡು ಜನವೂ ಹೆಸರು ಹಾಕಿ, "ಬಹಳ ಒಳ್ಳೆಯದು" ಎಂದೇ ಬರೆದೆವು.

ಎರಡು ದಿನ ಬಿಟ್ಟು ಅವನು ಕ್ಯಾಂಟೀನಿನಲ್ಲಿ ಚಹಾ ಮುಟ್ಟದೆ ಕೂತಿದ್ದ. "ಎಲ್ಲ ಉತ್ತರವೂ ಒಂದೇ. ನಾನೇ ಬರೆದದ್ದು ಅಂತಾರೆ ಪ್ರೊಫೆಸರು. ನಾಳೆ ಬೇರೆ ತರದಿದ್ದರೆ ಫೇಲು, ಚಾಚಾ."

ನಮ್ಮ ಹೆದರಿಕೆ ಹೇಳಿಬಿಟ್ಟೆ. ಅವನು ಹೊಸ ಫಾರಮುಗಳಲ್ಲಿ ಹೆಸರಿನ ಜಾಗವನ್ನು ಒಂದೊಂದಾಗಿ ಹರಿದು ಎಸೆದ. ಆ ಸಂಜೆ ರೂಮಿನಲ್ಲಿ ಎಲ್ಲರ ಬಾಯಿ ಬಿಚ್ಚಿತು. ಉಪ್ಪಿಲ್ಲ, ಶುಂಠಿಯಿಲ್ಲ, ಗಾಂಧಾರಿ ಮೆಣಸಿಲ್ಲ, ಇದೆಂತ ಮಜ್ಜಿಗೆ! ಅವನು ನಗುತ್ತಾ ಬರೆದುಕೊಂಡ.

ಪಾಸಾದ ದಿನ ಅಡುಗೆಕೋಣೆಗೇ ನುಗ್ಗಿ ನನ್ನನ್ನು ತಬ್ಬಿಕೊಂಡು, ತಾನೇ ಚಹಾ ಮಾಡಿ ಕೊಟ್ಟು, ಹೇಗಿದೆ ಎಂದು ಕೇಳಿದ.

"ಕಷಾಯ ಆಗಿದೆ ಮಾರಾಯ," ಎಂದೆ, ಒಂಚೂರೂ ಹೆದರದೆ.